ಬೀಗರ ಮನೆಗೆ ಪೆನ್‌ಡ್ರೈವ್

ಮಾನ್ವಿಯ ನಮ್ಮ ಸೋದರಮಾವ ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟವರಲ್ಲ. ಮದುವೆ ಮನೆಯ ಎಲೆಅಡಿಕೆ ಅವರ ಜೇಬಿಗೆ, ಅಂಗಡಿಯವರ ಕ್ಯಾಲೆಂಡರು ಅವರ ಗೋಡೆಗೆ. ಅಂಥವರಿಗೆ ತಿಂಗಳ ಬಾಡಿಗೆಯೇ ಇಲ್ಲದೆ ಆಕಾಶದಿಂದ ಟಿವಿ ಸುರಿಯುತ್ತದೆ ಎಂದು ಗೊತ್ತಾದ ಮೇಲೆ ಕೇಳಬೇಕೆ? ದೂರದರ್ಶನದವರು 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುಮಾಡಿ, ಆಮೇಲೆ ಫ್ರೀ ಡಿಶ್ ಎಂದು ಹೆಸರು ಬದಲಿಸಿದ ಆ ಛತ್ರಿ ಅವರ ಮಾಳಿಗೆಯ ಮೇಲೂ ಕೂತಿತು. ಆದರೆ ರಾತ್ರಿ ಒಂಬತ್ತೂವರೆಗೆ ರಿಮೋಟು ಅತ್ತೆಯ ವಶ. ಚಂದನ ವಾಹಿನಿಯ ರಸಪ್ರಶ್ನೆ ‘ಥಟ್ ಅಂತ ಹೇಳಿ’ಗೂ ಅತ್ತೆಯ ಧಾರಾವಾಹಿಗೂ ಒಂದೇ ಮುಹೂರ್ತ.

“ತಮ್ಮಾ, ನಿನ್ನ ಡಬ್ಬಿಯೊಳಗ ಹಿಡದು ಇಡೋದು ಅದ ಅಂತಲ್ಲ?” ಎಂದು ಫೋನು ಬಂತು.

ಇತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಕೊಂಡ ಡಬ್ಬಿಯ ಬೆನ್ನಿಗೆ ಪೆನ್‌ಡ್ರೈವ್ ಚುಚ್ಚುವ ತೂತಿತ್ತು. ಡಿಶ್ ಕೂಡಿಸಲು ಬಂದ ಹುಡುಗ ಮೊಬೈಲಿನ ದಿಕ್ಸೂಚಿ ಹಿಡಿದು ಮಾಳಿಗೆಯ ಮೇಲೆ ಎರಡು ಸುತ್ತು ಹಾಕಿ, “ಸರ, ಸರೀ ಆಗ್ನೇಯ” ಎಂದ. ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲಿರುವ ಜಿಸ್ಯಾಟ್-15 ಉಪಗ್ರಹ ರಾಯಚೂರಿನಿಂದ ನೋಡಿದರೆ ನಿಜವಾಗಿಯೂ ಆಗ್ನೇಯ ಮೂಲೆಯಲ್ಲೇ, ನೆತ್ತಿಯ ಕಡೆಗೆ ಸಾಕಷ್ಟು ಏರಿಕೊಂಡು ಇರುತ್ತದೆ. ವಾಸ್ತುವಿನಲ್ಲಿ ಅದು ಅಡಿಗೆಮನೆಯ ಮೂಲೆ. “ಅದರ ಮುಖರ ಅಡಿಗಿಮನಿ ಕಡೆ ತಿರುಗ್ತು, ನಿಮ್ಮದು ಯಾವಾಗ?” ಎಂದಳು ನನ್ನವಳು.

ಒಂದು ಮಾತು ಹೇಳಲೇಬೇಕು. ಈ ಸಿಗ್ನಲ್ಲಿಗೆ ಜೋರು ಮಳೆಯೆಂದರೆ ಆಗದು. ದಪ್ಪ ಹನಿ ಬಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆ ಭಯ ನಮಗಿಲ್ಲ. ಮೋಡ ನೋಡಿ ನೋಡಿ ರೈತನ ಕಣ್ಣು ಸೋಲುವ ಈ ಊರಿನಲ್ಲಿ ಡಿಶ್ ಇಟ್ಟವನಷ್ಟು ಸುಖಿ ಮತ್ತೊಬ್ಬನಿಲ್ಲ.

ಮೊದಲ ರಾತ್ರಿ ಟೈಮರಿನಲ್ಲಿ ಒಂಬತ್ತೂವರೆ ಇಟ್ಟು ಮಲಗಿದೆ. ಬೆಳಗ್ಗೆ ತೆರೆದರೆ ಪ್ರಶ್ನೆ ಕೇಳುವ ಸೋಮೇಶ್ವರರಿಲ್ಲ. ಎಮ್ಮೆಯ ಕೆಚ್ಚಲು ಬಾವಿಗೆ ಮದ್ದು ಹೇಳುತ್ತಿರುವ ಯಾರೋ ಇದ್ದಾರೆ. ಮೂರು ದಿನ ಹೀಗೇ ಆಯಿತು. ಉಪಗ್ರಹದಿಂದ ಡಬ್ಬಿಗೆ ಇಳಿಯುವ ಗಡಿಯಾರ ಗ್ರೀನಿಚ್ಚಿನದು, ಐದೂವರೆ ತಾಸು ನಾವೇ ಕೂಡಿಸಬೇಕು ಎಂಬುದು ನಾಲ್ಕನೆಯ ದಿನ ತಲೆಗೆ ಹೊಳೆಯಿತು. ಡಬ್ಬಿಯ ಒಂಬತ್ತೂವರೆ ಎಂದರೆ ನಮ್ಮ ಬೆಳಗಿನ ಜಾವ ಮೂರು. ಆ ಮೂರು ದಿನದ ವಿದ್ಯೆಯಿಂದ ನಾನೀಗ ಎಮ್ಮೆ ಕಟ್ಟಿದರೂ ಕಟ್ಟಬಹುದು.

ಆಮೇಲೆ ಕರೆಂಟು. ನಾಡಿಗೆಲ್ಲ ಬೆಳಕು ಕಳಿಸುವ ಶಕ್ತಿನಗರ ಮಗ್ಗುಲಲ್ಲೇ ಇದ್ದರೂ ನಮ್ಮ ಓಣಿಯಲ್ಲಿ ಅದು ಬಂದುಹೋಗುವ ನೆಂಟ. ನಡುವೆ ಹೋದರೆ ಎಲ್ಲಾ ಮಣ್ಣುಪಾಲು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಡಬ್ಬಿ ಹಿಡಿದಿಡುವ ಫೈಲು ಹೆಣೆದಿರುವುದೇ 188 ಬೈಟಿನ ಚಿಕ್ಕ ಚಿಕ್ಕ ಚೂರುಗಳಿಂದ, ಜೋಳದ ರೊಟ್ಟಿಯ ಹಾಗೆ. ಎಲ್ಲಿ ಮುರಿದರೂ ಮುರಿದಷ್ಟು ತಿನ್ನಲು ಬರುತ್ತದೆ. ಕಂಪ್ಯೂಟರಿಗೆ ಹಾಕಿದಾಗ ಅದರ ಸ್ವಂತ ಪ್ಲೇಯರು ಮುಖ ತಿರುಗಿಸಿತು, ವಿಎಲ್‌ಸಿ ಮಾತ್ರ ಮರುಮಾತಿಲ್ಲದೆ ತೋರಿಸಿತು.

ವಾರಕ್ಕೊಮ್ಮೆ ಪೆನ್‌ಡ್ರೈವು ಸಿಂಧನೂರು ಬಸ್ಸು ಹತ್ತಿ, ಕಲ್ಲೂರು ದಾಟಿ ಮಾನ್ವಿಗೆ ಹೋಗತೊಡಗಿತು. 36,000 ಕಿಲೋಮೀಟರು ಮೇಲಿನಿಂದ ಕಣ್ಣೆವೆ ಬಡಿಯುವಷ್ಟರಲ್ಲಿ ಇಳಿದು ಬಂದ ಕಾರ್ಯಕ್ರಮ ಅಲ್ಲಿಂದ ಮುಂದೆ ಕಂಡಕ್ಟರನ ದಯೆಯಿಂದ ಸಾಗಬೇಕಿತ್ತು.

ಮಾವನಿಗೆ ಇಷ್ಟೊಂದು ಹುಚ್ಚು ಯಾಕೆಂದು ಕೇಳಿದ್ದೆ. “ನೀ ಹುಟ್ಟಿದ್ದಿಲ್ಲ,” ಎಂದರು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಕೈಗಡ ತಂದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ಕರ್ನಾಟಕದಲ್ಲಿ ಆ ಯೋಗ ಬಂದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ. ಕೋಳಿಗೂಡಿಗೆ ಹೊಡೆಯುವ ಜಾಳಿಗೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಅದರ ಮುಂದೆ ಇಡೀ ಊರು. “ಬೆಂಗಳೂರಿಗೆ ಟಿವಿ ಬಂದದ್ದು 81ರಾಗ. ಅದಕೂ ಮೊದಲ ನಾವು ಆಕಾಶಕ್ಕ ತಂತಿ ಹಾಕಿದವರು! ವರ್ಷ ತುಂಬಿತು, ಉಪಗ್ರಹ ವಾಪಸ್ ಹೋತು, ಡಬ್ಬಿ ಬಾಯಿ ಮುಚ್ಚಿತು. ಒಂದು ತುಣುಕು ಯಾರರ ಹಿಡದು ಇಟ್ಟಾರೇನು?” ಕೊನೆಯ ಮಾತಿಗೆ ಅವರ ದನಿ ಸ್ವಲ್ಪ ಇಳಿಯಿತು. ನಾನು ಪೂರ್ತಿ ಕರಗಿಹೋದೆ. ಹೊಸ ಪೆನ್‌ಡ್ರೈವನ್ನೇ ಕೊಂಡೆ.

ಕರಗಬಾರದಿತ್ತು. ಮಾವನ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದೆ. ಬೀಗರು ರಿಟೈರಾದ ಮಾಸ್ತರು. ಲೋಕದಲ್ಲಿ ತಮಗೆ ಗೊತ್ತಿಲ್ಲದ್ದು ಇಲ್ಲ ಎಂಬ ನಂಬಿಕೆಯವರು. ಮಾವ ಪ್ರತಿ ಕಂತನ್ನೂ ಮಾನ್ವಿಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೂರು ಸಲ ನೋಡಿ, ಅದೇ ಪೆನ್‌ಡ್ರೈವನ್ನು ದೇವದುರ್ಗಕ್ಕೆ ಒಯ್ದು, “ಬರ್ರಿ ಬೀಗರ, ಒಂದೀಟು ಜ್ಞಾನ ಬೆಳಸ್ಕೊಳ್ಳೂಣು” ಎಂದು ಬೀಗರ ಟಿವಿಗೇ ಚುಚ್ಚುತ್ತಿದ್ದರಂತೆ. ಉತ್ತರ ಥಟ್ಟನೆ. ಬೀಗರು ಎರಡು ತಿಂಗಳಲ್ಲಿ ಸೊರಗಿದ್ದರು.

ಒಂದು ಭಾನುವಾರ ಗಬ್ಬೂರಿನ ದಾರಿ ಹಿಡಿದು ನಾನೂ ಹೋದೆ. ಹೋಳಿಗೆ ಊಟ, ಎಲೆಅಡಿಕೆ, ಆಮೇಲೆ ಟಿವಿ. ಮಾವನ ಬಾಯಿಗೆ ಅವತ್ತು ತಡೆಯೇ ಇರಲಿಲ್ಲ. ಎರಡು ಉತ್ತರ ಹೇಳಿದ ಹುರುಪಿನಲ್ಲಿ, ಸೋಮೇಶ್ವರರು ಇನ್ನೂ ಚೀಟಿ ನೋಡುತ್ತಿರುವಾಗಲೇ, “ಜಗನ್ನಾಥದಾಸರು!” ಎಂದು ಕೂಗಿಬಿಟ್ಟರು.

ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ.

“ಪ್ರಶ್ನಿ ಇನ್ನಾ ಕೇಳಿಲ್ಲಲ್ರೀ ಬೀಗರ,” ಎಂದರು ಮಾಸ್ತರು, ಬಲು ಮೆತ್ತಗೆ.

ಅಷ್ಟರಲ್ಲಿ ಪರದೆಯ ಮೇಲೆ ಹರಿಕಥಾಮೃತಸಾರ ಬರೆದವರು ಯಾರೆಂಬ ಪ್ರಶ್ನೆ ಬಂತು. ಮಾವ ಬಾಯಲ್ಲಿದ್ದ ಎಲೆಯನ್ನು ನಿಧಾನ ಒಂದು ಕಡೆಗೆ ಸರಿಸಿ ಹೇಳಿದರು: “ದಾಸರು ನಮ್ಮ ಮಾನ್ವಿಯವರು ನೋಡ್ರಿ. ನಮ್ಮ ಊರಿನವರ ಸುದ್ದಿ ಬರೋದಿದ್ರ ನಮಗ ಮೊದಲ ತಿಳೀತದ.”

ಬೀಗರು ಏನೂ ಅನ್ನಲಿಲ್ಲ. ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ತಾವೇ ಬಂದರು. ಚಹಾ ಕುಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯೊಳಗೆ ಕೈ ಹಾಕಿ ನನ್ನ ಅಂಗೈಯಲ್ಲಿ ಏನೋ ಇಟ್ಟರು. ಹೊಚ್ಚ ಹೊಸ ಪೆನ್‌ಡ್ರೈವು.

“ಬರೋ ವಾರದ್ದು ನನಗೂ ಒಂದು ಕಾಪಿ ಇರಲಿ,” ಎಂದರು. “ಮಾನ್ವಿ ಬಸ್ಸಿಗಿಂತ ಒಂದಿನ ಮೊದಲ.”