ಎರಡು ರಾಗಿಕಾಳಿನ ಅಂತರ

"ಗಿಟಾರ್ ಅಂತೀಯ, ತೊಡೆ ಮೇಲೆ ಮಲಗಿಸ್ಕೊಂತೀಯ, ಮೆಟ್ಟು ಒಂದೂ ಕಾಣಾಕಿಲ್ಲ. ಇದ್ಯಾವ ಸೀಮೆ ಗಿಟಾರಪ್ಪಾ?"

ಚಪ್ಪಡಿ ಕಲ್ಲಿನ ಬೇಲಿಗೆ ಮೊಣಕೈ ಊರಿ ಪಕ್ಕದ ಮನೆ ಮಾವ ಕೇಳಿದ್ದು ಇದನ್ನೇ. ನಮ್ಮ ಕ್ಯಾಲನೂರಿನಲ್ಲಿ ಇಂಥ ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ. ಭಜನೆ ಮಂದಿರದಲ್ಲಿ ಹಾರ್ಮೋನಿಯಂ ಹಿಡಿದು ಕೂರುವವರು ಅವರು. ಕನ್ನಡದ ದೇವರನಾಮ ಮುಗಿದ ಕೂಡಲೆ ತೆಲುಗು ಕೀರ್ತನೆ ಎತ್ತಿಕೊಂಡರೂ ಶ್ರುತಿ ಎಳ್ಳಷ್ಟು ಅಲುಗದ ಕೈ. ಸ್ವರದ ವಿಷಯದಲ್ಲಿ ಅವರ ಮುಂದೆ ಬಾಯಿಗೆ ಬಂದದ್ದು ಹೇಳುವ ಹಾಗಿಲ್ಲ.

"ಹವಾಯಿಯನ್ ಗಿಟಾರ್ ಮಾವ. ಲ್ಯಾಪ್ ಸ್ಟೀಲ್ ಅಂತಾರೆ. ಬೆರಳಲ್ಲಿ ತಂತಿ ಒತ್ತೋ ಹಾಗಿಲ್ಲ. ಎಡಗೈಯಲ್ಲಿ ಈ ಉಕ್ಕಿನ ಕಡ್ಡಿ ಹಿಡಿದು ತಂತಿ ಮೇಲೆ ಜಾರಿಸೋದು. ಮೈಸೂರು ಆಸ್ಥಾನದಲ್ಲಿ ನಾರಾಯಣ ಅಯ್ಯಂಗಾರ್ರು ಗೋಟುವಾದ್ಯ ನುಡಿಸ್ತಿದ್ರಲ್ಲ, ಹಂಗೆ."

"ಹಂಗನ್ನು ಮತ್ತೆ!" ಎಂದರು ಮಾವ. ಗೋಟುವಾದ್ಯ ಎಂದ ಮೇಲೆ ಅವರಿಗೆ ಇದು ಪರಕೀಯವಾಗಿ ಉಳಿಯಲಿಲ್ಲ. ವೀಣೆಯ ಮೆಟ್ಟು ತೆಗೆದುಹಾಕಿ ಮರದ ಗಟ್ಟಿಯಿಂದ ಜಾರಿಸುತ್ತ ನುಡಿಸುವುದು ನಮ್ಮ ಕಡೆ ಹಳೆಯ ಕಲೆ. ಉತ್ತರದಲ್ಲಿ ವಿಚಿತ್ರವೀಣೆ ಇದೆ. ಗಿಟಾರನ್ನು ಹಾಗೆ ನುಡಿಸಿದ ಕೀರ್ತಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬವನದು. 1874ರಲ್ಲಿ ಹುಟ್ಟಿದವನು, ಶಾಲೆಗೆ ಹೋಗುವ ಹುಡುಗನಾಗಿದ್ದಾಗಲೇ ತಂತಿಯ ಮೇಲೆ ಉಕ್ಕು ಜಾರಿಸುವ ವಿದ್ಯೆ ಕಂಡುಕೊಂಡ. ಅವನಿಗೂ ಮೊದಲು ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದವನು ಹವಾಯಿಯಲ್ಲಿ ಹೀಗೆ ನುಡಿಸುತ್ತಿದ್ದ ಎಂಬ ವಾದವೂ ಉಂಟು. ಇದನ್ನು ಹೇಳಿದಾಗ ಮಾವನ ಮುಖ ಅರಳಿತು. ಆದರೂ ನಾನು ವಾದವನ್ನು ವಾದ ಎಂದೇ ಹೇಳಿದೆ. ನಮ್ಮವರದು ಎಂದು ಸಾಧಿಸುವ ಆಸೆಗೆ ಕೆಕುಕುವಿನ ಪಾಲನ್ನು ಕಿತ್ತುಕೊಳ್ಳುವುದು ಬೇಡ.

"ಅಲ್ಲಿಂದ ಇಲ್ಲಿಗೆ ಹೆಂಗೆ ಬಂತೋ?"

"ಕಲ್ಕತ್ತೆ ಮೇಲೆ ಬಂತು ಮಾವ. ನಿಮ್ಮ ಪೆಟ್ಟಿಗೇನೂ ಅದೇ ದಾರೀಲೇ ಬಂದಿದ್ದು."

ಪ್ಯಾರಿಸ್ಸಿನಲ್ಲಿ ಹುಟ್ಟಿದ, ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಮ್ಮನ್ನು ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆಯಾಗಿ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅದೇ ಕಲ್ಕತ್ತೆಯಲ್ಲಿ 1940ರ ದಶಕದಲ್ಲಿ ಟಾವ್ ಮೋ ಎಂಬ ಹವಾಯಿಯನ್ ಗಿಟಾರ್ ವಾದಕ ಸಂಸಾರ ಸಮೇತ ನೆಲೆಸಿ ಹೋಟೆಲುಗಳಲ್ಲಿ ನುಡಿಸಿದ, ಕಲಿಸಿದ. ಗಾರ್ನಿ ನಿಸ್ ಮತ್ತು ಅವರ ಅಲೋಹಾ ಬಾಯ್ಸ್ ತಂಡ ಆ ನಗರದಲ್ಲೇ ಹೆಸರು ಮಾಡಿತು. ಸುನಿಲ್ ಗಂಗೂಲಿ ಸಿನಿಮಾ ಹಾಡುಗಳನ್ನು ಈ ವಾದ್ಯದಲ್ಲಿ ನುಡಿಸಿ ತಂದ ರೆಕಾರ್ಡುಗಳು ಮನೆಮನೆ ಸೇರಿದವು. ವ್ಯಾನ್ ಶಿಪ್ಲೆ ಬೊಂಬಾಯಿಯ ಸಿನಿಮಾಗಳಲ್ಲಿ ವಿದ್ಯುತ್ ಗಿಟಾರಿನ ಎಳೆಯುವ ದನಿ ತುಂಬಿದರು. ಬ್ರಿಜಭೂಷಣ ಕಾಬ್ರಾ ಅವರು 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆ 'ಕಾಲ್ ಆಫ್ ದಿ ವ್ಯಾಲಿ' ಎಂಬ ಧ್ವನಿಮುದ್ರಿಕೆ ತಂದರು. ಗಿಟಾರಿನಲ್ಲಿ ರಾಗ ಕೇಳುವ ರುಚಿ ಅದರಿಂದ ದೇಶಕ್ಕೆ ಹತ್ತಿತು. ಮುಂದೆ ವಿಶ್ವಮೋಹನ ಭಟ್ಟರು ತರಫಿನ ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡರು, 1994ರಲ್ಲಿ ಗ್ರ್ಯಾಮಿ ಪಡೆದರು. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಎಂಬವರು ಈ ಗಿಟಾರ್ ನುಡಿಸುತ್ತಾರೆ. ಅವರ ಕಛೇರಿ ಒಮ್ಮೆ ಕೇಳಿ ಬಂದರೆ ನಾನು ಇಲ್ಲಿ ಬೇಲಿ ಪಕ್ಕ ಕೂತು ಹೇಳುವ ಮಾತಿನ ಅರ್ಧ ಭಾಗ ಬೇಕಾಗುವುದಿಲ್ಲ.

ಮಾವನಿಗೆ ಚರಿತ್ರೆ ಸಾಕಾಗಿತ್ತು. ಕೈ ಚಾಚಿ ನಾನೇ ಮಾಡಿಕೊಂಡ ಗಿಟಾರನ್ನು ತೆಗೆದುಕೊಂಡು ಅದರ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರು. "ಹಲಸು."

ಹಲಸೇ. ಹಳೇ ಹೆಂಚಿನ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ತೊಲೆಯ ತುಂಡು. ಹೊಸದಾಗಿ ಕುಯ್ದ ಮರ ಒಣಗುವಾಗ ತಿರುಚಿಕೊಳ್ಳುತ್ತದೆ. ಅಷ್ಟು ವರ್ಷ ಸೂರಿನ ಕೆಳಗೆ ಭಾರ ಹೊತ್ತು ಒಣಗಿದ ತೊಲೆ ಇನ್ನೆಲ್ಲಿಗೂ ತಿರುಗುವುದಿಲ್ಲ. ವೀಣೆಗೂ ಹಲಸನ್ನೇ ಆರಿಸುತ್ತಾರಲ್ಲ, ಹಾಗೆಂದು ಮಾವ ಮೆಚ್ಚಿಕೊಂಡರು. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಟೊಳ್ಳಿಲ್ಲದ ಈ ವಿದ್ಯುತ್ ವಾದ್ಯಕ್ಕೆ ಮರವೇ ಪ್ರಾಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಟೊಳ್ಳು ಹೊಟ್ಟೆಯ ಹಳೇ ವೈಸನ್‌ಬಾರ್ನ್ ಗಿಟಾರಿಗೆ ಹವಾಯಿಯ ಕೋವಾ ಮರ ಮುಖ್ಯ, ನಿಜ. ಅಲ್ಲಿ ಮರವೇ ಮಾತಾಡುತ್ತದೆ. ಆದರೆ ಮೊಟ್ಟಮೊದಲು ಮಾರಾಟಕ್ಕೆ ಬಂದ ವಿದ್ಯುತ್ ಗಿಟಾರಿನಲ್ಲಿ ಮರವೇ ಇರಲಿಲ್ಲ. ಅದು ಎರಕದ ಅಲ್ಯೂಮಿನಿಯಂ. ಅದೂ ಲ್ಯಾಪ್ ಸ್ಟೀಲೇ. ಜಾರ್ಜ್ ಬೀಚಮ್ ಎಂಬ ಹವಾಯಿಯನ್ ಗಿಟಾರ್ ವಾದಕ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ 1932ರಲ್ಲಿ ಮಾರಿದ್ದು. ದುಂಡನೆ ಮೈ, ಉದ್ದ ಹಿಡಿ ನೋಡಿ ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದೇ ಕರೆದರು. ವೇದಿಕೆಯ ದೀಪದ ಕಾವಿಗೆ ಲೋಹ ಹಿಗ್ಗಿ ಶ್ರುತಿ ತಪ್ಪುತ್ತಿತ್ತು. ಆಮೇಲೆ ಬೇಕಲೈಟಿನಲ್ಲಿ ಮಾಡಿದರು. ನಮ್ಮ ಹಳೇ ಮನೆಗಳ ಕರೀ ದುಂಡು ಕರೆಂಟ್ ಸ್ವಿಚ್ಚಿನ ವಸ್ತುವೇ ಅದು. ಆ ಬೇಕಲೈಟ್ ಗಿಟಾರಿಗೆ ಇವತ್ತಿಗೂ ಸಂಗ್ರಾಹಕರು ಮುಗಿಬೀಳುತ್ತಾರೆ.

"ಮರ ಅಲ್ಲ ಅಂದ್ರೆ ದನಿ ಎಲ್ಲಿಂದ ಬತ್ತದೆ?"

ಅಯಸ್ಕಾಂತ ಮತ್ತು ಸುರುಳಿಯಿಂದ. ಎರಡೂ ಸೇರಿದ್ದಕ್ಕೆ ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿ ಅಯಸ್ಕಾಂತದ ಬಳಿ ನಡುಗಿದರೆ ಪಕ್ಕದ ತಾಮ್ರದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಸೈಕಲ್ ಡೈನಮೊದ ತತ್ತ್ವವೇ. ಹಳೇ ರಿಕನ್‌ಬ್ಯಾಕರಿನಲ್ಲಿ ಲಾಳದಾಕಾರದ ಎರಡು ಅಯಸ್ಕಾಂತ ತಂತಿಗಳನ್ನು ಮೇಲಿನಿಂದಲೂ ಬಳಸಿ ನಿಂತಿರುತ್ತವೆ, ತಂತಿಗಳು ಅವುಗಳ ನಡುವಿನಿಂದ ಹಾದುಹೋಗುತ್ತವೆ. ಅಂಥ ಲಾಳ ನನಗೆ ಸಿಕ್ಕಿಲ್ಲ. ಸುರುಳಿಯ ಕೆಳಗೆ ಪಟ್ಟಿ ಅಯಸ್ಕಾಂತ ಇಟ್ಟಿದ್ದೇನೆ.

ಸುರುಳಿ ಸುತ್ತಿಸಿದ ಕಥೆ ಮಾತ್ರ ನಮ್ಮ ಜಿಲ್ಲೆಯಲ್ಲೇ ಆಗಬೇಕಾದದ್ದು. ನದಿ ನೀರಿಲ್ಲದ ಸೀಮೆ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ದಿನಾ ಎಲ್ಲೋ ಒಂದು ಮೋಟಾರು ಸುಟ್ಟುಹೋಗುವುದು. ಹಾಗಾಗಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಊರು ಕೋಲಾರದ ಕಡೆ ಸಿಗುವುದು ಕಷ್ಟ. ಅಂಥ ಒಂದು ಅಂಗಡಿಯಣ್ಣನ ಮುಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ತಂತಿಯ ಉಂಡೆ ಇಟ್ಟೆ. ಅದು ತಲೆಗೂದಲಿಗಿಂತಲೂ ಸಣ್ಣದು. ಆತ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದ, ಕಾಣಿಸಲಿಲ್ಲ. ಬೆರಳ ತುದಿಯಲ್ಲೇ ಅದು ಇರುವುದನ್ನು ತಿಳಿದುಕೊಂಡ. ಮೋಟಾರಿನ ತಂತಿ ಎಳೆದು ಬಿಗಿಯುವ ಕೈ ಇದಕ್ಕೆ ನಡೆಯುವುದಿಲ್ಲ, ಒಂದಿಷ್ಟು ಬಿಗಿಯಾದರೆ ತುಂಡು. ಆತ ಫ್ಯಾನ್ ನಿಲ್ಲಿಸಿದ, ಅಂಗಡಿ ಬಾಗಿಲು ಅರ್ಧ ಎಳೆದ, ಹಳೇ ಬನಿಯನ್ನಿನ ಚೂರು ಮಡಿಸಿ ಅದರ ನಡುವೆ ತಂತಿ ಹಾಯಿಸಿ, ಸುತ್ತುವ ಯಂತ್ರದ ಹಿಡಿಯನ್ನು ನಿಧಾನಕ್ಕೆ ತಿರುಗಿಸಿದ. ಸಾವಿರಗಟ್ಟಲೆ ಸುತ್ತು. ಹೊರಗೆ ಸುಟ್ಟ ಮೋಟಾರ್ ಹೊತ್ತು ತಂದ ಟ್ರ್ಯಾಕ್ಟರಿನವರು ಕೂಗಿದರೂ ತಲೆ ಎತ್ತಲಿಲ್ಲ. ಮುಗಿಸಿ ಮೀಟರಿನ ಎರಡು ಮುಳ್ಳು ತಾಗಿಸಿ ಸರ್ಕಿಟ್ ಕೂಡಿದೆ ಎಂದು ಖಚಿತವಾದಾಗಲೇ ಆತ ಮಾತಾಡಿದ್ದು. ಅಮೆರಿಕದಿಂದ ತರಿಸಿದ ಪಿಕಪ್ ಕೂಡ ಕೇಳಿದ್ದೇನೆ. ನನ್ನ ಮಟ್ಟಿಗೆ ಈ ಅಣ್ಣನ ಸುರುಳಿ ಯಾವುದಕ್ಕೂ ಕಡಿಮೆಯಿಲ್ಲ.

ಜಾರಿಸುವ ಉಕ್ಕಿನ ಕಡ್ಡಿ ಕೆಜಿಎಫ್‌ನದು. ಮುಕ್ಕಾಲು ಇಂಚು ದಪ್ಪ, ಮೂರು ಇಂಚು ಉದ್ದದ ಸ್ಟೇನ್‌ಲೆಸ್ ಸ್ಟೀಲ್, ಒಂದು ತುದಿ ಗುಂಡಗೆ. ಗಣಿ 2001ರಲ್ಲಿ ಮುಚ್ಚಿತು, ಲೇತ್ ಬಲ್ಲ ಕೈಗಳು ಅಲ್ಲಿ ಉಳಿದವು. ಕಡ್ಡಿಯ ಮೈಯಲ್ಲಿ ಕಣ್ಣಿಗೆ ಕಾಣದ ಗೀರು ಇದ್ದರೂ ತಂತಿಯ ಮೇಲೆ ಕರಕರ ಎನ್ನುತ್ತದೆ. ಅದನ್ನು ಹೊಳಪಿಗೆ ತಂದ ಹಿರಿಯರು ಉಗುರಿನ ಅಂಚಿನಿಂದ ಸವರಿ ನೋಡಿ ಮತ್ತೆ ಎರಡು ಬಾರಿ ಲೇತಿಗೆ ಹಾಕಿದರು.

ಕೆಜಿಎಫ್ ಎಂದಾಗ ಮಾವನಿಗೆ ನನ್ನ ಇನ್ನೊಂದು ಗಿಟಾರ್ ನೆನಪಾಯಿತು, ಗೋಡೆಯ ಮೇಲಿನದು. ಚಾಂಪಿಯನ್ ರೀಫ್ ಕಡೆಯ ಒಂದು ಹಳೇ ಮನೆಯವರು ಊರು ಬಿಡುವಾಗ ಕೊಟ್ಟದ್ದು, ಕಲ್ಕತ್ತೆಯಲ್ಲಿ ತಯಾರಾದ ಟೊಳ್ಳು ಗಿಟಾರ್. ಮಾಮೂಲಿ ಗಿಟಾರಿನ ತಲೆಯ ಬಳಿ ಒಂದು ಲೋಹದ ತುಂಡು ತೂರಿಸಿ ತಂತಿಗಳನ್ನು ಎತ್ತರಿಸಿದ್ದಾರೆ. ಅಷ್ಟು ಮಾಡಿದರೆ ಯಾವ ಗಿಟಾರೂ ಮಲಗಿ ಹಾಡುತ್ತದೆ. ಅದರ ವಾರ್ನಿಷ್ ಬಿರಿದಿದೆ, ಹಿಂಬದಿಯಲ್ಲಿ ತೊಡೆ ತಗಲಿ ತಗಲಿ ಬಣ್ಣ ಸವೆದಿದೆ. ಪಾಲಿಶ್ ಹೊಡೆಸು ಎಂದು ಬಂದವರೆಲ್ಲ ಹೇಳುತ್ತಾರೆ. ಹೊಡೆಸುವುದಿಲ್ಲ. ಹಳೇ ವಾದ್ಯಕ್ಕೆ ಮಾಡಬೇಕಾದದ್ದು ಇಷ್ಟೇ: ಗೆದ್ದಲು, ಮರಹುಳ ನೋಡಬೇಕು, ಬಿಟ್ಟ ಅಂಟು ಕೂಡಿಸಬೇಕು, ಕುತ್ತಿಗೆ ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಬೇಕು, ತಂತಿ ಹೊಸದು ಹಾಕಿ ನುಡಿಸಬೇಕು. ಕೊಂಡುತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಲೆ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ವರ್ಷಗಟ್ಟಲೆ ತಂತಿ ಮಿಡಿಯದ ವಾದ್ಯವನ್ನು ಕಾಪಾಡಿದಂತೆ ಹೇಗಾದೀತು?

"ಸರಿ, ಮೀಟು ನೋಡೋಣ."

ಬರೀ ತಂತಿಗಳನ್ನು ಒಂದರ ಮೇಲೊಂದು ಸವರಿದೆ. ಕೆಳಗಿನಿಂದ ಸ, ಗ, ಪ, ಧ, ಮತ್ತೆ ಸ, ಗ. ಹವಾಯಿಯವರು, ಅಮೆರಿಕದವರು ಬಹಳ ಕಾಲದಿಂದ ಬಳಸುವ ಶ್ರುತಿ ಅದು. ಮಾವ ಬೇಲಿಗೆ ಇನ್ನಷ್ಟು ಬಾಗಿದರು. "ಮೋಹನ ಅಲ್ವೇನೋ ಇದು! ರಿಷಭ ಎಲ್ಲೋ?" ಮೆಟ್ಟಿನ ಬದಲು ಹಲಗೆಯ ಮೇಲೆ ಗೆರೆ ಎಳೆದಿದ್ದೇನೆ. ಷಡ್ಜದ ತಂತಿಯ ಎರಡನೇ ಗೆರೆಯ ಮೇಲೆ ಕಡ್ಡಿ ಇಟ್ಟು ರಿಷಭ ಕೊಟ್ಟೆ. ಅಲ್ಲಿಂದ ಗಾಂಧಾರಕ್ಕೆ ಜಾರಿದೆ, ನಾಲ್ಕನೇ ಗೆರೆಯ ನೆತ್ತಿಗೆ.

"ಏರ್ತು," ಎಂದರು. "ಒಂಚೂರು ಏರ್ತು. ನಮ್ಮ ಪೆಟ್ಟಿಗೇದೂ ಹಿಂಗೇ."

ನಾನು ಈ ಹರಟೆಗೆ ಕೂತದ್ದೇ ಈ ಮಾತಿಗಾಗಿ. ಹೊಸ ಗಿಟಾರಿನಲ್ಲಿ ಸೇತುವೆಯಿಂದ ತಲೆಯ ಪಟ್ಟಿಯವರೆಗೆ ತಂತಿ 22.5 ಇಂಚು. ಅರ್ಧಕ್ಕೆ, 11.25 ಇಂಚಿನಲ್ಲಿ, ಮೇಲಿನ ಷಡ್ಜ. ತಲೆಯ ಕಡೆಯಿಂದ ಮೂರನೇ ಒಂದಕ್ಕೆ, 7.5 ಇಂಚಿನಲ್ಲಿ, ಪಂಚಮ. ನಾಲ್ಕನೇ ಒಂದಕ್ಕೆ ಮಧ್ಯಮ. ಐದನೇ ಒಂದಕ್ಕೆ, 4.5 ಇಂಚಿನಲ್ಲಿ, ಅಂತರ ಗಾಂಧಾರ. ಆದರೆ ಗಿಟಾರಿನ ಗೆರೆಗಳು, ಹಾರ್ಮೋನಿಯಮ್ಮಿನ ಮನೆಗಳು, ಷಡ್ಜದಿಂದ ಷಡ್ಜಕ್ಕೆ ಹನ್ನೆರಡು ಸಮಪಾಲು ಮಾಡಿದ ಲೆಕ್ಕದವು. ಆ ಲೆಕ್ಕದಲ್ಲಿ ಪಂಚಮ ಕೂದಲೆಳೆಯಷ್ಟು ಮಾತ್ರ ಸರಿಯುತ್ತದೆ. ಗಾಂಧಾರದ ಗೆರೆಯೋ 4.64 ಇಂಚಿಗೆ ಬೀಳುತ್ತದೆ. ಸುಮಾರು ಮೂರೂವರೆ ಮಿಲಿಮೀಟರ್ ವ್ಯತ್ಯಾಸ, ಎರಡು ರಾಗಿಕಾಳು ಪಕ್ಕಪಕ್ಕ ಇಟ್ಟಷ್ಟು.

ಮೆಟ್ಟು ಹೊಡೆದ ಗಿಟಾರಿನವನು ಆ ಎರಡು ರಾಗಿಕಾಳನ್ನು ಹಿಂದೆ ಸರಿಯಲಾರ. ಹಾರ್ಮೋನಿಯಮ್ಮಿನವರೂ ಅಷ್ಟೇ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಒಳಗೆ ಬಿಡದಿದ್ದುದರ ಹಿಂದೆ ಈ ತಕರಾರೂ ಇತ್ತು. ಆ ನಿಷೇಧ ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಊರೂರಿನ ಭಜನೆಯನ್ನು ಹೊತ್ತು ನಿಲ್ಲಿಸಿದ ಪೆಟ್ಟಿಗೆ ಅದು. ತಕರಾರು ಮಾತ್ರ ಸುಳ್ಳಲ್ಲ. ಭಜನೆ ಮಂದಿರದ ಹಳೇ ತಂಬೂರಿಯನ್ನು ಶ್ರುತಿ ಮಾಡಿ ಮಂದ್ರ ಷಡ್ಜ ಮೀಟಿದರೆ, ಯಾರೂ ಮೀಟದ ಗಾಂಧಾರ ಅದರೊಳಗಿಂದ ತಾನೇ ಏಳುತ್ತದೆ. ತಂತಿ ಐದು ಭಾಗವಾಗಿ ನಡುಗುವಾಗ ಹುಟ್ಟುವ ಸ್ವರ ಅದು. 4.5 ಇಂಚಿನ ಗಾಂಧಾರವೂ ಅದೇ.

ಕಡ್ಡಿಯನ್ನು ಗೆರೆಯಿಂದ ಹಿಂದಕ್ಕೆ ಸರಿಸಿದೆ. ಕಣ್ಣು ಗೆರೆಯ ಮೇಲಿದ್ದರೆ ಕೈ ಅಲ್ಲಿಗೇ ಎಳೆಯುತ್ತದೆ, ಆದ್ದರಿಂದ ಮಾವನ ಮುಖ ನೋಡುತ್ತ ಸರಿಸಿದೆ. ಅವರು ಅಂಗೈ ಎತ್ತಿ ಸಾಕು ಎಂದ ಕಡೆ ನಿಲ್ಲಿಸಿದೆ. ಸ್ಕೇಲ್ ಇಟ್ಟು ಅಳೆದರೆ ನಾಲ್ಕೂವರೆ ಇಂಚಿನ ಗುರುತು. ಫೋನಿನ ಟ್ಯೂನರ್ ಆ್ಯಪ್ ಇದೇ ಗಾಂಧಾರವನ್ನು ಹದಿನಾಲ್ಕು ಸೆಂಟ್ಸ್ ಇಳಿದಿದೆ ಎಂದು ತೋರಿಸುತ್ತದೆ. ಫೋನಿನ ಲೆಕ್ಕ ಅದಕ್ಕೆ, ಮಾವನ ಕಿವಿಯ ಲೆಕ್ಕ ನನಗೆ.

"ಶ್ರೀನಿವಾಸಪುರದ ನಮ್ಮ ಭಾವನ ತೋಟದಾಗೆ ಒಂದು ಮಾವಿನ ಮರ ಬಿದ್ದೈತೆ," ಎಂದರು ಸ್ವಲ್ಪ ಹೊತ್ತು ಬಿಟ್ಟು. "ಅದ್ರಾಗೂ ಆಗ್ತದಾ?"

"ಆಗ್ತದೆ ಮಾವ. ಮಾವಿಗೆ ಹುಳ ಬೇಗ ಬೀಳ್ತದೆ, ಈಗಲೇ ಹಲಗೆ ಕುಯ್ಸಿ ನೆರಳಲ್ಲಿ ಒಣಗಿಸ್ಬೇಕು. ಒಂದೂವರೆ ಇಂಚಿಗಿಂತ ತೆಳುವಾಗದ ಹಾಗೆ ಕುಯ್ಯೋಕೆ ಹೇಳಿ."

"ಕುಯ್ಸೋಣ. ಈ ಶನಿವಾರ ಭಜನೆಗೆ ಇದನ್ನ ತಗಂಡ್ ಬಾ. ಮೋಹನದ ಹಾಡು ಬಂದಾಗ ನಾನು ಪೆಟ್ಟಿಗೆ ಮುಚ್ತೀನಿ, ತಂಬೂರಿ ಒಂದೇ ಇರ್ಲಿ. ನಮ್ಮ ಶ್ರುತಿ ಕರಿ ಒಂದು, ಗ್ಯಾಪ್ಕ ಇಟ್ಕೋ. ಅಷ್ಟು ಬಿಗಿದ್ರೆ ತಂತಿ ತಡೀತದಾ?"

ಈಗಿರುವುದು ಬಿಳಿ ಒಂದಕ್ಕೆ. ಅರ್ಧ ಸ್ವರ ಏರಿಸಬೇಕು. ಬಿರಡೆ ತಿರುಗಿಸಿ ಅಲ್ಲೇ ಏರಿಸಿ ತೋರಿಸಿದೆ, ತಡೆಯಿತು. ಆದರೂ ಮೇಲಿನ ಗಾಂಧಾರದ ತಂತಿ ಒಂದು ಹೆಚ್ಚಿಗೆ ತಂದಿಡಬೇಕು, ಶನಿವಾರದೊಳಗೆ ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದಾರೆಯೇ ವಿಚಾರಿಸಬೇಕು.