ಅಪ್‌ಡೌನ್ ಮಾಸ್ತರನ ವ್ಯಾಕರಣ

ನಾನು ಗದಗದಿಂದ ಅಪ್‌ಡೌನ್ ಮಾಡುವ ಪೈಕಿ. ಮುಂಜಾನೆ ಲಕ್ಷ್ಮೇಶ್ವರದ ಬಸ್ಸು ಹತ್ತಿ ಬಂದು, ಮಾಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಸಂಜೆ ತಿರುಗಿ ಹೋಗುವುದು ನನ್ನ ಉದ್ಯೋಗ. ಊರ ಮಂದಿಗೆ ನನ್ನ ಹೆಸರಿಗಿಂತ ಈ ಗುರುತೇ ಸಲೀಸು. "ಯಾವ ಸರ್ರು?" ಎಂದರೆ "ಅಪ್‌ಡೌನ್ ಮಾಡ್ತಾರಲ್ರೀ, ಅವ್ರು" ಎಂಬ ಉತ್ತರ ಬರುತ್ತದೆ. ಹೋಗುವುದು ಅಪ್ಪೋ ಬರುವುದು ಅಪ್ಪೋ ಎಂದು ಈವರೆಗೆ ಯಾರೂ ಕೇಳಿಲ್ಲ.

ಇಂಗ್ಲಿಷಿನಲ್ಲಿ ಅಪ್, ಡೌನ್, ಔಟ್, ಆಫ್, ಓವರ್ ಇವೆಲ್ಲ ಕ್ರಿಯಾಪದದ ಬಾಲ ಹಿಡಿದು ನಡೆಯುವ ಪುಡಿ ಪದಗಳು. ಅಡ್ವರ್ಬ್ ಪಾರ್ಟಿಕಲ್ ಎಂಬುದು ಅವುಗಳ ರಜಿಸ್ಟರಿನ ಹೆಸರು. ನಮ್ಮಲ್ಲಿಗೆ ಬಂದ ಮೇಲೆ ಅವು ಬೇರೆ ಸಂಸಾರ ಹೂಡಿವೆ. ಮೋಟರ್ ಆಫ್ ಮಾಡು, ಪೇಪರ್ ಔಟ್ ಆತು, ಗಾಡಿಗೆ ಪಿಕಪ್ ಇಲ್ಲ, ಭಾಳ ಓವರ್ ಮಾಡಬ್ಯಾಡ. 'ಮಾಡು', 'ಆಗು' ಎಂಬ ಎರಡು ಗೂಟಕ್ಕೆ ಕಟ್ಟಿದರೆ ಸಾಕು, ಯಾವ ಪಾರ್ಟಿಕಲ್ಲೂ ತಕರಾರು ಮಾಡುವುದಿಲ್ಲ.

ತಕರಾರು ಬರುವುದು ಪಾರ್ಟಿಕಲ್ಲಿನ ಪಕ್ಕಕ್ಕೆ ಪ್ರಿಪೊಸಿಷನ್ ಬಂದು ಕುಳಿತಾಗ. ಅಪ್ ಇನ್, ಡೌನ್ ಅಟ್, ಔಟ್ ಆನ್, ಓವರ್ ಬೈ. ಎರಡೂ ಒಂದೇ ಗಾತ್ರದವು. ಯಾವುದು ಯಾವುದೆಂದು ಗುರುತು ಸಿಗುವುದಿಲ್ಲ. ಪಾರ್ಟಿಕಲ್ ಒಂಟಿಯಾಗಿ ತಿರುಗಾಡಬಲ್ಲದು, ಪ್ರಿಪೊಸಿಷನ್ನಿಗೆ ಜೊತೆಗೊಂದು ನಾಮಪದ ಬೇಕೇ ಬೇಕು ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಅದನ್ನು ಅಚ್ಚುಕಟ್ಟಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಅಲ್ಲೇ ಬಿಡುತ್ತಾರೆ. ಹಾಗೆ ನೋಡಿದರೆ ಈ ಪಾಠ ಅವರಿಗೆ ಹೊಸದಲ್ಲ. ಬಾಗಿಲಲ್ಲಿ ನಿಂತು "ಮೇ ಐ ಕಮ್ ಇನ್ ಸರ್" ಎನ್ನುವಾಗಿನ 'ಇನ್' ಪಾರ್ಟಿಕಲ್. "ಗೆಟ್ ಔಟ್" ಎಂದಾಗಿನ 'ಔಟ್' ಪಾರ್ಟಿಕಲ್. "ಗೆಟ್ ಔಟ್ ಆಫ್ ದ ಕ್ಲಾಸ್" ಎಂದರೆ ಪಾರ್ಟಿಕಲ್, ಪ್ರಿಪೊಸಿಷನ್, ನಾಮಪದ ಮೂರೂ ಸಾಲಾಗಿ ಬಂದವು. "ಸ್ಟ್ಯಾಂಡ್ ಅಪ್ ಆನ್ ದ ಲಾಸ್ಟ್ ಬೆಂಚ್" ಎಂಬುದರಲ್ಲಂತೂ ಆ ನಾಮಪದಕ್ಕೊಂದು ವಿಶೇಷಣವೂ ಸಿಕ್ಕಿತು. ಇಂಗ್ಲಿಷ್ ವಾಕ್ಯದ ಈ ರಚನೆಯನ್ನು ನಮ್ಮ ಶಾಲೆಗಳು ತಲೆಮಾರುಗಳಿಂದ ಚೆನ್ನಾಗಿಯೇ ಕಲಿಸಿವೆ. ಶಿಕ್ಷೆಯ ರೂಪದಲ್ಲಿ ಕಲಿಸಿವೆ, ಅಷ್ಟೆ.

ಪಾಠದಲ್ಲಿ 'ಅಪ್ ಇನ್ ದ ಟ್ರೀ' ಬಂದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಇನ್ ದ ಟ್ರೀ ಅಂದ್ರ ಸಾಕಲ್ರೀ. ಮತ್ತ ಅಪ್ ಯಾಕ್ರೀ? ಗಿಡ ಏನು ನೆಲದಾಗ ಮಕ್ಕೊಂಡಿರತೈತೇನ್ರೀ?" ಪ್ರಶ್ನೆ ನ್ಯಾಯವಾದದ್ದು. ನನ್ನ ಬಳಿಯ ಗೈಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಾಗಡಿ ಕೆರೆಯಲ್ಲಿತ್ತು.

ಮಾಗಡಿ ಕೆರೆಯೆಂದರೆ ಶಿರಹಟ್ಟಿ ತಾಲ್ಲೂಕಿನ ಸುಮಾರು 134 ಎಕರೆಯ ನೀರು. ಪ್ರತಿ ಚಳಿಗಾಲ ಇಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳು ಅವುಗಳ ತವರು. ಏಳು ಸಾವಿರ ಮೀಟರಿಗೂ ಮೇಲೆ ಹಾರಿ ಹಿಮಾಲಯ ದಾಟಬಲ್ಲ ಹಕ್ಕಿಗಳು ಇಲ್ಲಿಗೆ ಬಂದು ಒಡ್ಡಿನ ಕೆಳಗೆ ನಮ್ಮ ಎಮ್ಮೆಗಳ ಸನಿಹದಲ್ಲೇ ನಿದ್ದೆ ಹೊಡೆಯುತ್ತವೆ. 2024ರ ಜನವರಿಯಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಂದಿನಿಂದ ಉದ್ದನೆಯ ಲೆನ್ಸಿನ ಜನ ಹೆಚ್ಚಾಗಿದ್ದಾರೆ. ಇಂಗ್ಲಿಷೂ ಹೆಚ್ಚಾಗಿದೆ.

ಹಕ್ಕಿ ನೋಡುವುದೆಂದರೆ ಮುಕ್ಕಾಲು ಪಾಲು ಹಕ್ಕಿಯ ವಿಳಾಸ ಹೇಳುವ ಕೆಲಸ. ಕಂಡವನು ಕಾಣದವನಿಗೆ ಹೇಳಬೇಕು. ಹೇಳಿ ಮುಗಿಸುವುದರೊಳಗೆ ಹಕ್ಕಿ ಮನೆ ಬದಲಿಸಿರಬಾರದು. ಒಮ್ಮೆ ಒಡ್ಡಿನ ಮೇಲೆ ಬೆಂಗಳೂರಿನ ದಂಪತಿ ನಿಂತಿದ್ದರು. ಹೆಂಡತಿಗೆ ಹಕ್ಕಿ ಕಂಡಿತ್ತು, ಗಂಡನಿಗೆ ಕಂಡಿರಲಿಲ್ಲ. ಆಕೆ ಪಿಸುಗುಟ್ಟಿದ್ದು ಹೀಗೆ: "ಔಟ್ ಇನ್ ದ ವಾಟರ್, ಓವರ್ ಬೈ ದ ಡೆಡ್ ಟ್ರೀ, ದ ಒನ್ ವಿತ್ ಇಟ್ಸ್ ಹೆಡ್ ಡೌನ್." ಗಂಡ ಲೆನ್ಸು ತಿರುಗಿಸುತ್ತಲೇ ಇದ್ದ. ಪಕ್ಕದಲ್ಲಿ ಎಮ್ಮೆ ಕಾಯುತ್ತಿದ್ದ ಅಜ್ಜನಿಗೆ ತಾಳಲಾಗಲಿಲ್ಲ. "ಅಗಾ, ಅತ್ಲಾಗ ನೋಡ್ರಿ ಸಾಹೇಬ್ರ. ನೀರಾಗ, ಒಣಗಿದ ಜಾಲಿಗಿಡದ ಬುಡಕ, ತಲಿ ಕೆಳಗ ಹಾಕಿ ನಿಂತೈತಲ್ರೀ, ಅದ." ಸಾಹೇಬರಿಗೆ ಹಕ್ಕಿ ಕಂಡಿತು. ನನಗೆ ವ್ಯಾಕರಣ ಕಂಡಿತು.

ಇಬ್ಬರೂ ಮಾಡಿದ್ದು ಒಂದೇ ಕೆಲಸ. ಮೊದಲು ಕೇಳುವವನ ಕುತ್ತಿಗೆ ತಿರುಗಿಸುವ ಒಂದು ಮಾತು: ಆಕೆಗೆ 'ಔಟ್', 'ಓವರ್', ಅಜ್ಜನಿಗೆ 'ಅತ್ಲಾಗ'. ಆಮೇಲೆ ಠಾವು: 'ಇನ್ ದ ವಾಟರ್', 'ನೀರಾಗ', 'ಬುಡಕ'. ಕಡೆಗೆ ಚಹರೆ: ತಲೆ ತಗ್ಗಿಸಿ ನಿಂತದ್ದು. 'ಇನ್ ದ ಟ್ರೀ' ಎಂದರೆ ಹಕ್ಕಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. 'ಅಪ್' ಎಂದರೆ ನೀನು ಯಾವ ಕಡೆ ನೋಡಬೇಕು ಎಂಬುದೂ ತಿಳಿಯುತ್ತದೆ. ಅಂದರೆ ಪಾರ್ಟಿಕಲ್ಲಿಗೆ ಮಾತಾಡುವವನು ನಿಂತ ಜಾಗ ಗೊತ್ತಿರುತ್ತದೆ. ಊರೊಳಗೆ ಕುಳಿತವನು ಕೆರೆಯನ್ನು 'ಡೌನ್ ಅಟ್ ದ ಟ್ಯಾಂಕ್' ಎನ್ನುತ್ತಾನೆ. ಮಾಗಡಿಯಲ್ಲಿ ನಿಂತು ಮನೆ ನೆನೆಯುವ ನನ್ನಂಥವನಿಗೆ ಗದಗ 'ಬ್ಯಾಕ್ ಇನ್ ಗದಗ'. ಅದೇ ಗದಗ ಇಲ್ಲಿಯವರಿಗೆ ಬರೀ 'ಇನ್ ಗದಗ'. ಹಿಂದಿನ ಬೆಂಚಿನವನ ಪ್ರಶ್ನೆಗೆ ಅಜ್ಜ ಹೀಗೆ ಎಮ್ಮೆ ಕಾಯುತ್ತಲೇ ಉತ್ತರ ಕೊಟ್ಟಿದ್ದ.

ಎಲ್ಲ ಜೋಡಿಗಳೂ ಇಷ್ಟು ಸಭ್ಯವಲ್ಲ. 'ಪುಟ್ ಅಪ್ ವಿತ್' ಎಂಬುದನ್ನೇ ನೋಡಿ. ಇಡು, ಮೇಲೆ, ಜೊತೆಗೆ. ಮೂರನ್ನೂ ಕೂಡಿಸಿದರೆ ಬರುವ ಮೊತ್ತ ಸಹಿಸಿಕೊಳ್ಳುವುದು! ಈ ಲೆಕ್ಕ ಯಾವ ಮಗ್ಗಿಗೂ ಸಿಗುವುದಿಲ್ಲ. ಕ್ರಿಯಾಪದಕ್ಕೆ ಪಾರ್ಟಿಕಲ್ ಅಂಟಿ ಅರ್ಥ ಪಲ್ಟಿ ಹೊಡೆಯುವುದೇ ಪರದೇಶದವರಿಗೆ ಅತಿ ಕಷ್ಟದ ಸಂಗತಿಯೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಬರೆದಿಟ್ಟಿದ್ದಾನೆ. ಅವನಿಗೇ ಗೊತ್ತಿದ್ದ ಮೇಲೆ ನನ್ನ ಹತ್ತನೇ ಇಯತ್ತೆಯವರನ್ನು ಬೈದು ಫಲವಿಲ್ಲ. ಆದರೆ 'ಪುಟ್ ಅಪ್ ವಿತ್' ಎಂಬುದರ ಅರ್ಥ ಮಾಗಡಿಯ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಹೆಬ್ಬಾತು ರಾತ್ರಿ ಅವನ ಹೊಲ ಮೇಯ್ದು ಹಗಲು ಕೆರೆಯಲ್ಲಿ ನಿದ್ದೆ ಮಾಡುತ್ತದೆ. ಅವನು ಪುಟ್ ಅಪ್ ವಿತ್ ಮಾಡುತ್ತಾನೆ.

ಇಂಗ್ಲಿಷಿನವರದು ಹುಚ್ಚಾಟ, ನಮ್ಮದು ಸೀದಾ ದಾರಿ ಎನ್ನುವ ಹಾಗೂ ಇಲ್ಲ. ಅವರು 'ಅಪ್', 'ಡೌನ್' ಅಂಟಿಸಿ ಮಾಡುವುದನ್ನು ನಾವು 'ಬಿಡು', 'ಹಾಕು', 'ಕೊಳ್ಳು', 'ಹೋಗು' ಅಂಟಿಸಿ ಮಾಡುತ್ತೇವೆ. 'ತಿಂದುಬಿಡು' ಎಂದಾಗ ಯಾರೂ ಏನನ್ನೂ ಬಿಡುವುದಿಲ್ಲ. ತಟ್ಟೆಯಲ್ಲಿ ಒಂದು ಅಗುಳೂ ಉಳಿಯುವುದಿಲ್ಲ. 'ಕೊಂದುಹಾಕು' ಎಂದಾಗ ಎಲ್ಲಿ ಹಾಕಬೇಕೆಂದು ಯಾರೂ ಕೇಳುವುದಿಲ್ಲ. 'ಬತ್ತಿಹೋದ' ಕೆರೆ ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಬಿದ್ದಿರುತ್ತದೆ. ಕನ್ನಡ ಕಲಿಯಲು ಬಂದ ಬ್ರಿಟಿಷ್ ಕಲೆಕ್ಟರರು ಇದಕ್ಕೆ ಪಟ್ಟ ಪಾಡು ನಮ್ಮ ಮಕ್ಕಳ ಪಾಡಿಗಿಂತ ಕಡಿಮೆಯದೇನಲ್ಲ ಎಂದುಕೊಂಡಾಗ ನನಗೆ ತುಸು ಸಮಾಧಾನವೂ ಆಗುತ್ತದೆ.

ನಾನು ಇಂಗ್ಲಿಷ್ ಕಲಿಸುವುದಾದರೂ ಎಂಥ ನೆಲದಲ್ಲಿ! ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡ. ಹತ್ತಿರದ ಮುಳುಗುಂದದ ನಯಸೇನ 1112ರಲ್ಲಿ 'ಧರ್ಮಾಮೃತ' ಬರೆಯುವಾಗ ಕನ್ನಡದಲ್ಲಿ ಸಂಸ್ಕೃತ ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಗೇಲಿ ಮಾಡಿದ. ನಾನು ನಿತ್ಯ ಈ ಮುಳುಗುಂದದ ಸೀಮೆ ದಾಟಿ, ತಿರುಳ್ಗನ್ನಡದ ಮಕ್ಕಳಿಗೆ ಅಪ್, ಡೌನ್ ಕಲಿಸಲು ಬರುತ್ತೇನೆ. ನಯಸೇನ ಬಸ್ಸಿನಲ್ಲಿ ಎದುರಾಗಿ "ಯಾವ ಕಡೆ ಹೊರಟಿರಿ ಮಾಸ್ತರ?" ಎಂದರೆ "ಅಪ್‌ಡೌನ್ ಮಾಡ್ತೀನ್ರೀ" ಎನ್ನುವ ಧೈರ್ಯ ನನಗಿಲ್ಲ. ಸೀಟು ಬಿಟ್ಟುಕೊಟ್ಟು ಸುಮ್ಮನಾಗುತ್ತೇನೆ.

ಇಂಗ್ಲಿಷ್ ಮಾಸ್ತರರಿಗೆ ನನ್ನದೊಂದು ವಿನಂತಿ. ಬಿಟ್ಟ ಸ್ಥಳ ತುಂಬಿಸುವ ಪಾಠವನ್ನು ಒಂದು ದಿನ ಬಿಟ್ಟು, ನವೆಂಬರಿನಿಂದ ಮಾರ್ಚಿನೊಳಗೆ ಮಕ್ಕಳನ್ನು ಯಾವುದಾದರೂ ಕೆರೆಯ ಒಡ್ಡಿಗೆ ಕರೆದೊಯ್ಯಿರಿ. ಒಬ್ಬನಿಗೆ ಕಂಡ ಹಕ್ಕಿಯನ್ನು ಇನ್ನೊಬ್ಬನಿಗೆ ಬೆರಳು ತೋರಿಸದೆ ಇಂಗ್ಲಿಷಿನಲ್ಲಿ ತೋರಿಸಲು ಹೇಳಿರಿ. ಮೊದಮೊದಲು "ಟ್ರೀ ಅಂಡರ್ ಸರ್" ಎಂದಾರು. ಅದು ಕನ್ನಡದ ಬುದ್ಧಿ, ಅನ್ನಲಿ. ಸಂಜೆಯೊಳಗೆ 'ಡೌನ್ ಅಂಡರ್ ದ ಟ್ರೀ' ತಾನಾಗಿ ಬರುತ್ತದೆ. ಮಾಗಡಿಗೇ ಬರುವುದಾದರೆ ಸ್ವಾಗತ. ಆದರೆ ಮಕ್ಕಳು ಗದ್ದಲ ಮಾಡದಂತೆ ನೋಡಿಕೊಳ್ಳಿ. 'ಫ್ಲೈ ಅವೇ' ಎಂಬುದಕ್ಕೆ ಮಾತ್ರ ಇಲ್ಲಿ ಪ್ರಾತ್ಯಕ್ಷಿಕೆ ಬೇಡ.