ಬುಧವಾರದ ಟೆಂಟು

“ಬುಧವಾರ ಟೆಂಟ್ ಹಾಕೋಣ ಕಣೇ. ವಾರದ ಮಧ್ಯೆ ಜನ ಇರಲ್ಲ.”

“ನೀವಿರ್ತೀರಲ್ಲ, ಲ್ಯಾಪ್‌ಟಾಪ್ ಸಮೇತ! ಎಲ್ಲಿಗೆ?”

“ನಂದಿ ಬೆಟ್ಟ. 1478 ಮೀಟರ್ ಎತ್ತರ, ತಂಪು.”

“ಹೋದ ಸಲ ಸೂರ್ಯೋದಯ ಅಂತ ಹೋಗಿ, ಮುಂದಿನ ಕಾರಿನ ಕೆಂಪು ದೀಪ ನೋಡ್ಕೊಂಡು ಬಂದ್ವಿ.”

“ರಾಮದೇವರ ಬೆಟ್ಟ?”

“ಅದು ರಣಹದ್ದುಗಳ ಧಾಮ ಕಣ್ರೀ. ಮೇ ಬಿಸಿಲಲ್ಲಿ ನೀವು ಅಂಗಾತ ಬಿದ್ಕೊಂಡ್ರೆ ಅವು ತಪ್ಪು ತಿಳ್ಕೊಂಡಾವು.”

“ಸಾವನದುರ್ಗ?”

“ಇಡೀ ಬೆಟ್ಟವೇ ಬಂಡೆ. ಗೂಟ ಎಲ್ಲಿ ಹೊಡೀತೀರಿ? ಹಗಲೆಲ್ಲ ಕಾದ ಕಲ್ಲು ರಾತ್ರಿ ಕಾವು ಬಿಡುತ್ತೆ. ಟೆಂಟಲ್ಲ, ಇಡ್ಲಿ ಪಾತ್ರೆ.”

“ಭೀಮೇಶ್ವರಿ! ಕಾವೇರಿ ದಂಡೆ!”

“ಅಲ್ಲಿ ಆನೆಗೂ ಮೊಸಳೆಗೂ ಬುಧವಾರ ರಜೆ ಇಲ್ಲ.”

ಕೊನೆಗೆ ನಮ್ಮ ತಾರಸಿಯೇ ಗತಿಯಾಯಿತು. ಹದಿನೆಂಟು ಮೆಟ್ಟಿಲು, ಟೋಲ್ ಇಲ್ಲ. ಅಮ್ಮ ಹಳೇ ಪಂಚೆಯ ಮೇಲೆ ಹಾಕಿದ್ದ ಅರಳು ಸಂಡಿಗೆಯನ್ನು ಮೂಲೆಗೆ ಸರಿಸಿ, ಗೂಟದ ಬದಲು ನಾಲ್ಕು ನೀರಿನ ಕ್ಯಾನ್ ಇಟ್ಟು ಟೆಂಟ್ ಎಬ್ಬಿಸಿದೆ. ಹತ್ತಕ್ಕೆ ಸೊಳ್ಳೆ. ಹನ್ನೊಂದಕ್ಕೆ ಗುಡುಗು.

“ಲೋ, ಸಂಡಿಗೆ!” ಕೆಳಗಿನಿಂದ ಅಮ್ಮನ ಕೂಗು.

ಟೆಂಟು ಒಬ್ಬರಿಗೆ ಸಾಲುವಂಥದ್ದು. ಆ ರಾತ್ರಿ ಅದರೊಳಗೆ ಬೆಚ್ಚಗೆ ಮಲಗಿದ್ದು ಸಂಡಿಗೆ.